ಯಾರೂ ಹಿಡಿಯದ ಮೊಲ

ಹಿಂದಿನಿಂದ ಯಾರೋ ಭುಜ ಮುಟ್ಟಿದಾಗ ವದೀಮ್ ತುಮಾನೊವ್‌ನ ಜೀವ ಬಾಯಿಗೆ ಬಂತು. ಮುಟ್ಟಿದ್ದು ಉಣ್ಣೆಯ ಕೈಗವಸು ತೊಟ್ಟ ಒಂದು ಕೈ, ಅದರಲ್ಲಿ ಹದಿನೈದು ಕೊಪೆಕ್. 'ಮುಂದಕ್ಕೆ ಕೊಡಿ' ಎಂದಿತು ಹೆಣ್ಣಿನ ದನಿ, ಅಷ್ಟೇ. ಅವನು ಕಾಸನ್ನು ತೆಗೆದುಕೊಂಡು ಮುಂದೆ ನಿಂತಿದ್ದ ಮುದುಕನ ಅಂಗೈಗೆ ದಾಟಿಸಿದ, ಮುದುಕ ತನ್ನ ಮುಂದಿನವಳಿಗೆ, ಅವಳು ಟ್ರಾಮಿನ ನಡುವೆ ಜನರ ಒತ್ತಿನಲ್ಲಿ ಸಿಕ್ಕಿಕೊಂಡಿದ್ದ ಕಂಡಕ್ಟರಮ್ಮನಿಗೆ. ಸ್ವಲ್ಪ ಹೊತ್ತಿನಲ್ಲಿ ಟಿಕೆಟ್ಟು ಅದೇ ಕೈಗಳ ಮೇಲೆ ತಿರುಗಿ ಬಂತು. ಲೆನಿನ್‌ಗ್ರಾದ್‌ನ ಜನ ಈ ಒಂದು ವಿಷಯದಲ್ಲಿ ಮಾತ್ರ ಇನ್ನೂ ಒಬ್ಬರನ್ನೊಬ್ಬರು ನಂಬುತ್ತಿದ್ದರು. ನಾಲ್ಕು ಸಂಸಾರಗಳ ಅಡುಗೆಮನೆಯಲ್ಲಿ ಪಕ್ಕದ ಒಲೆಯವಳ ಎದುರು ಬಾಯಿ ಬಿಡದವನೂ ಟ್ರಾಮಿನಲ್ಲಿ ತನ್ನ ಕಾಸನ್ನು ಹತ್ತು ಜನ ಗುರುತಿಲ್ಲದವರ ಕೈಗೊಪ್ಪಿಸಿ, ಟಿಕೆಟ್ಟು ಬಂದೇ ಬರುತ್ತದೆಂದು ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದ. ವದೀಮ್ ಟಿಕೆಟ್ಟನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದ. ಅದನ್ನು ತೆಗೆದುಕೊಂಡ ಕೈ ತಕ್ಷಣ ಹಿಂದೆ ಸರಿಯಲಿಲ್ಲ.

'ತಿರುಗಬೇಡಿ' ಎಂದಿತು ಅದೇ ದನಿ, ಈಗ ಕಿವಿಯ ಹತ್ತಿರದಲ್ಲಿ. 'ನಾನು ರಾಯಿಸಾ.'

ಅವನು ತಿರುಗಲಿಲ್ಲ. ಹೇಳದಿದ್ದರೂ ತಿರುಗುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿದ್ದಿರಬೇಕು, ಅದಕ್ಕೇ ಮುಂಚಿತವಾಗಿ ಅವನ ಮರ್ಯಾದೆ ಉಳಿಸಿದಳೋ ಏನೋ. ಬೇಸಿಗೆಯ ಕೊನೆಯಲ್ಲಿ ಅವಳ ಗಂಡ ಮತ್ವೇಯ್ ಗುರ್ಲ್ಯಾಂದ್‌ನನ್ನು ಗುಪ್ತ ಪೊಲೀಸರು ಕರೆದೊಯ್ದ ಮೇಲೆ ವದೀಮ್ ಆ ಮನೆಯ ಬೀದಿಗೆ ಕಾಲಿಟ್ಟಿರಲಿಲ್ಲ. ಹತ್ತು ವರ್ಷ ಅವರ ಮೇಜಿನಲ್ಲಿ ಎಲೆಕೋಸಿನ ಸಾರು ಉಂಡವನು ಈಗ ಮೂರು ಬೀದಿ ಸುತ್ತಿಕೊಂಡು ಹೋಗುತ್ತಿದ್ದ, ಹೆಂಡತಿ ಲೀದಾಳಿಗೆ ಮಾತ್ರ ಆ ಕಡೆ ರಸ್ತೆ ಅಗೆದಿದ್ದಾರೆ ಎನ್ನುತ್ತಿದ್ದ, ಲೀದಾ ಹೌದೇ ಎನ್ನುತ್ತಿದ್ದಳು. ರಾಯಿಸಾ ಅವನನ್ನು ದೀಮಾ ಎಂದು ಕರೆಯುವವಳು. ಅವನು ತಡವಾಗಿ ಬಂದರೆ 'ಬಂದ್ಯಾ ದೀಮಾ, ತಟ್ಟೆ ನೆಕ್ಕೋಕೆ' ಎಂದು ಹಂಗಿಸುವವಳು. ಈಗ ಅವಳು ಬಹುವಚನದಲ್ಲಿ ಮಾತಾಡುತ್ತಿದ್ದಳು. ಗೌರವದ ಆ ಬಹುವಚನ ಅವನ ಕಿವಿಗೆ ಚಳಿಗಿಂತ ಹೆಚ್ಚು ಕೊರೆಯಿತು.

ಇಂದು ಅವನ ಭೌತವಿಜ್ಞಾನ ಸಂಸ್ಥೆಯಲ್ಲಿ ಸಭೆಯಿದೆಯಂತೆ, ಮತ್ವೇಯ್ ವಿಷಯ ಬರುತ್ತದಂತೆ ಎಂದಳು. ಹಳೆಯ ಗೋಡೆಪತ್ರಿಕೆಯನ್ನು ಹೊರಗೆ ತೆಗೆದಿದ್ದಾರಂತೆ. ಯಾರು ಹೇಳಿದರೆಂದು ಅವನು ಕೇಳಲಿಲ್ಲ. ಸೆರೆಮನೆಯ ಕಿಟಕಿಯ ಮುಂದೆ ಬೆಳಗಿನಿಂದ ಸಾಲುಗಟ್ಟಿ ನಿಲ್ಲುವ ಹೆಂಗಸರಿಗೆ ಗೊತ್ತಿಲ್ಲದ್ದು ಈ ಊರಿನಲ್ಲಿ ಯಾವುದೂ ಇರಲಿಲ್ಲ. ಸಭೆಯಲ್ಲಿ ಆಡಿದ ಮಾತೆಲ್ಲ ಬರಹಕ್ಕಿಳಿದು 'ಅಲ್ಲಿಗೆ' ಹೋಗುತ್ತದೆ, ಅಲ್ಲಿ ಯಾರಾದರೊಬ್ಬರು ಓದುತ್ತಾರೆ, ಓದಿದವರಲ್ಲಿ ಒಬ್ಬರಾದರೂ ಮನುಷ್ಯರಿರಬಹುದು ಎಂಬುದು ಆ ಸಾಲಿನ ಹೆಂಗಸರ ನಂಬಿಕೆ.

'ಒಂದೇ ಮಾತು ಹೇಳಿ, ವದೀಮ್ ಲ್ವೋವಿಚ್. ಅವರು ತಪ್ಪಿದ್ದು ನಿಮ್ಮ ಅಳತೆ ನಂಬಿ. ನೀವು ಅಳತೆ ತಿದ್ದಿದ ದಿನ ಮೊದಲು ಒಪ್ಕೊಂಡಿದ್ದೂ ಅವರೇ. ಇಷ್ಟೇ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ?'

ಅವನು ತಲೆಯಲ್ಲಾಡಿಸಿದ. ಇಲ್ಲ ಎಂದೋ, ಹೇಳುತ್ತೇನೆ ಎಂದೋ, ಅವನಿಗೇ ತಿಳಿಯಲಿಲ್ಲ.

'ಸಂಜೆ ಮಗು ಎತ್ಕೊಂಡು ಬರ್ತೀನಿ. ಮಗು ಇದ್ರೆ ಮುಂದಿನ ಬಾಗಿಲಲ್ಲೇ ಹತ್ತೋಕೆ ಬಿಡ್ತಾರೆ, ಅಲ್ಲೇ ನಿಂತಿರ್ತೀನಿ. ಹೇಳಿದ್ರೆ ಇಳಿಯುವಾಗ ನನ್ನ ಪಕ್ಕ ಒಂದು ಕ್ಷಣ ನಿಲ್ಲಿ. ಮಾತು ಬೇಡ. ಹೇಳಿರದಿದ್ರೂ ನಾನೇನೂ ಕೇಳೋಳಲ್ಲ.'

ಮುಂದಿನ ನಿಲ್ದಾಣದಲ್ಲಿ ಹಿಂದಿನ ಒತ್ತು ಸಡಿಲವಾಯಿತು. ಅವನು ತಿರುಗಿ ನೋಡಿದಾಗ ಅಲ್ಲಿ ಮೀನಿನ ಬುಟ್ಟಿ ಹಿಡಿದ ಒಬ್ಬ ದಪ್ಪನೆಯ ಗಂಡಸು ನಿಂತಿದ್ದ. ಕೇಳಿಸಿಕೊಂಡನೇ? ಆ ಗಂಡಸು ಆಕಳಿಸಿದ. ಆಕಳಿಕೆ ನಿಜವಾದದ್ದೋ ನಟನೆಯೋ ಎಂದು ವದೀಮ್ ಇಳಿಯುವತನಕ ಯೋಚಿಸುತ್ತಲೇ ಇದ್ದ. ಹಿಂದಿನಿಂದ ಹತ್ತಬೇಕು, ಮುಂದಿನಿಂದ ಇಳಿಯಬೇಕು ಎಂಬುದು ಟ್ರಾಮಿನ ಕಟ್ಟಳೆ. ಅವನು ಜನರನ್ನು ಸೀಳಿಕೊಂಡು ಮುಂದಿನ ಬಾಗಿಲಿಗೆ ಹೋಗಿ ಕಟ್ಟಳೆಯಂತೆಯೇ ಇಳಿದ.

ಸಂಸ್ಥೆಯ ಎರಡನೆಯ ಮಹಡಿಯಲ್ಲಿ ಮತ್ವೇಯ್‌ನ ಕೋಣೆಯ ಬಾಗಿಲಿನಿಂದ ಹೆಸರಿನ ಫಲಕ ತೆಗೆದಿದ್ದರು. ತಿರುಪು ಹೋದ ನಾಲ್ಕು ತೂತುಗಳು ಮಾತ್ರ ಇದ್ದವು, ಅವುಗಳ ನಡುವೆ ಬಣ್ಣ ಮಾಸದ ಒಂದು ಚೌಕ. ವದೀಮ್ ದಿನವೂ ಆ ಬಾಗಿಲನ್ನು ದಾಟಬೇಕಿತ್ತು. ದಾಟುವಾಗ ಜೇಬಿನಲ್ಲಿ ಬೀಗದ ಕೈ ಹುಡುಕುವವನಂತೆ ತಲೆ ತಗ್ಗಿಸುವುದು ಅಭ್ಯಾಸವಾಗಿತ್ತು. ಇಂದು ಹಾಗೆ ತಗ್ಗಿಸಿದಾಗ ಎದುರಿನಿಂದ ಬಂದ ವಿಭಾಗದ ಮುಖ್ಯಸ್ಥರು, ಅಫನಾಸಿ ನಿಕೋಲಯೆವಿಚ್, ಕೂಡ ಜೇಬಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುವುದರಲ್ಲಿದ್ದರು. ಮೂರು ಗಂಟೆಗೆ, ಗ್ರಂಥಾಲಯದಲ್ಲಿ, ಎಂದಷ್ಟೇ ಹೇಳಿ ಮುದುಕರು ಮುಂದೆ ಹೋದರು. ಅವರು ಕೈಕುಲುಕಲಿಲ್ಲ. ಮರೆತಿರಬಹುದು. ನಿನ್ನೆ ಕುಲುಕಿದ್ದರೇ? ಮೊನ್ನೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅವನು ತನ್ನ ಬಲಗೈಯನ್ನು ನೋಡಿಕೊಂಡ, ಅದು ಬೆವೆತಿತ್ತು.

ಪ್ರಯೋಗದ ಕೋಣೆಯಲ್ಲಿ ಅಯಸ್ಕಾಂತ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಅದರ ಬಾಯೊಳಗೆ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ, ಸಾಸಿವೆಯಷ್ಟೂ ಇಲ್ಲದ ರೇಡಿಯಂ-ಇ ಎಂಬ ವಿಕಿರಣ ವಸ್ತು ಒಂದೊಂದೇ ಪರಮಾಣುವಾಗಿ ಸಾಯುತ್ತ ಇತ್ತು. ಸಾಯುವಾಗ ಒಂದೊಂದೇ ಎಲೆಕ್ಟ್ರಾನನ್ನು ಉಗುಳುತ್ತಿತ್ತು, ಬೀಟಾ ಕಿರಣ ಎನ್ನುವುದು ಇದನ್ನೇ. ಅಯಸ್ಕಾಂತ ಅವುಗಳನ್ನು ಅರ್ಧ ವೃತ್ತದಲ್ಲಿ ಬಾಗಿಸಿ ಒಂದು ಸೀಳಿನೊಳಗೆ ಕಳಿಸಬೇಕು, ಸೀಳಿನ ಹಿಂದಿನ ಎಣಿಕೆಯ ಕೊಳವೆ ಬಂದದ್ದಕ್ಕೆಲ್ಲ ಟಿಕ್ಕೆನ್ನಬೇಕು. ಇಷ್ಟೇ ಕೆಲಸ. ಆದರೆ ಈ ಟಿಕ್ಕು ಟಿಕ್ಕಿನಲ್ಲಿ ಒಂದು ಗ್ರಹಚಾರವಿತ್ತು. ಒಂದೇ ಜಾತಿಯ ಪರಮಾಣು, ಒಂದೇ ಸಾವು, ಹಾಗಾದರೆ ಹೊರಬೀಳುವ ಶಕ್ತಿಯೂ ಒಂದೇ ಇರಬೇಕಲ್ಲ? ಇರುತ್ತಿರಲಿಲ್ಲ. ಒಂದು ಎಲೆಕ್ಟ್ರಾನು ತುಂಬಿದ ಜೇಬಿನಲ್ಲಿ ಬಂದರೆ ಇನ್ನೊಂದು ಅರ್ಧಕ್ಕೆ, ಮತ್ತೊಂದು ಬರಿಗೈಯಲ್ಲಿ. ಉಳಿದದ್ದು ಎಲ್ಲಿ ಹೋಯಿತು ಎಂಬುದೇ ಪ್ರಶ್ನೆ.

ಈ ಕೊರತೆಯ ಚರಿತ್ರೆಯನ್ನು ಮತ್ವೇಯ್ ಹೇಳುತ್ತಿದ್ದರೆ ಕೇಳಬೇಕಿತ್ತು. ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ತಣ್ಣಗಾದ ಚಹಾ ಕುಡಿಯುತ್ತ ಹೇಳುತ್ತಿದ್ದ. ಮಹಾಯುದ್ಧಕ್ಕೆ ಮುಂಚೆ ಬರ್ಲಿನ್ನಿಗೆ ಕಲಿಯಲು ಬಂದ ಒಬ್ಬ ಇಂಗ್ಲಿಷ್ ಯುವಕ ಮೊದಲು ಎಣಿಸಿ ಈ ಕೊರತೆಯನ್ನು ಕಂಡ. ಅಷ್ಟರಲ್ಲಿ ಯುದ್ಧ ಬಂತು, ಶತ್ರುದೇಶದವನೆಂದು ಅವನನ್ನು ಕುದುರೆಲಾಯದಲ್ಲಿ ಕೂಡಿಹಾಕಿದರು. 'ನೋಡು ದೀಮಾ, ಬೀಟಾ ಮುಟ್ಟಿದವನಿಗೆ ಮೊದಲ ಸಂಬಳ ಕುದುರೆಲಾಯ' ಎನ್ನುತ್ತಿದ್ದ ಮತ್ವೇಯ್. ಆಮೇಲೆ ಬರ್ಲಿನ್ನಿನ ಆ ಹೆಂಗಸು, ಇಡೀ ಯುರೋಪಿನಲ್ಲಿ ಅವಳಷ್ಟು ಎಚ್ಚರದ ಕೈ ಇನ್ನೊಬ್ಬರದಿಲ್ಲ, ಎಲೆಕ್ಟ್ರಾನುಗಳು ದಾರಿಯಲ್ಲಿ ಎಲ್ಲೋ ಚೆಲ್ಲಿಕೊಂಡು ಬರುತ್ತಿವೆ ಎಂದಳು. ಇಬ್ಬರು ಇಂಗ್ಲಿಷರು ಸೀಸದ ಡಬ್ಬಿಯೊಳಗೆ ಇಡಿಯಾಗಿ ಮುಚ್ಚಿಟ್ಟು ಅದರ ಕಾವನ್ನೇ ಅಳೆದರು: ಚೆಲ್ಲಿದ್ದರೆ ಡಬ್ಬಿಯಲ್ಲೇ ಇರಬೇಕಿತ್ತು, ಇರಲಿಲ್ಲ. ಆ ಹೆಂಗಸಿಗೆ ನಂಬಲಾಗಲಿಲ್ಲ. ಅದೇ ಪ್ರಯೋಗವನ್ನು ಇನ್ನೂ ಚೆನ್ನಾಗಿ ತಾನೇ ಮಾಡಿ, ನಾನು ಅಂದದ್ದು ತಪ್ಪು, ಅವರದೇ ಸರಿ ಎಂದು ಲೋಕಕ್ಕೆಲ್ಲ ಸಾರಿದಳು. ಅದನ್ನು ಹೇಳುವಾಗ ಮತ್ವೇಯ್ ಚಹಾದ ಲೋಟ ಕೆಳಗಿಡುತ್ತಿದ್ದ. ಕೋಪನ್‌ಹೇಗನ್ನಿನ ದೊಡ್ಡವರು ಪರಮಾಣುವಿನ ಹೊಟ್ಟೆಯೊಳಗೆ ಶಕ್ತಿಯ ನಿಯಮವೇ ನಡೆಯುವುದಿಲ್ಲವೇನೋ ಎಂದುಬಿಟ್ಟರು. ಜ್ಯೂರಿಕ್ಕಿನ ಇನ್ನೊಬ್ಬ, ಕಾಣದ ಒಂದು ಕಣ ಅದನ್ನು ಕದ್ದೊಯ್ಯುತ್ತಿದೆ ಎಂದು ಸಭೆಯೊಂದಕ್ಕೆ ಪತ್ರ ಬರೆದ. ತಾನು ಬರಲಾರೆ, ಇಲ್ಲಿ ನೃತ್ಯಕೂಟವಿದೆ ಎಂದೂ ಬರೆದ. ರೋಮಿನವನೊಬ್ಬ ಆ ಕಣಕ್ಕೆ ಲೆಕ್ಕ ಕಟ್ಟಿಕೊಟ್ಟ. ಕುಣಿಯೋಕೆ ಹೋಗ್ತೀನಿ ಅಂತ ಸಭೆ ತಪ್ಪಿಸೋ ದೇಶಗಳೂ ಇವೆ ನೋಡಪ್ಪ ಎಂದು ಮತ್ವೇಯ್ ನಗುತ್ತಿದ್ದ. ಆಗ ಕೋಣೆಯ ಬಾಗಿಲು ತೆರೆದೇ ಇತ್ತೇ? ನೆನಪಾಗಲಿಲ್ಲ. ಈಗ ಕೂತು ಹಳೆಯ ನಗುವಿನ ಒಂದೊಂದು ದಿನವನ್ನೂ, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂದು ವದೀಮ್ ನೆನೆಯುತ್ತಿದ್ದ.

ಆ ಕಣಕ್ಕೆ ಮೊಲ ಎಂದು ಹೆಸರಿಟ್ಟಿದ್ದೂ ಮತ್ವೇಯ್‌ನೇ. ಟಿಕೆಟ್ಟಿಲ್ಲದೆ ಟ್ರಾಮು ಹತ್ತಿ, ಕಂಡಕ್ಟರಮ್ಮ ಹತ್ತಿರ ಬರುವಷ್ಟರಲ್ಲಿ ಹಾರಿಬಿಡುವವನನ್ನು ಊರೆಲ್ಲ ಕರೆಯುವುದು ಮೊಲ ಎಂದೇ. ಮೂರು ವರ್ಷದ ಹಿಂದೆ ಸಂಸ್ಥೆಯ ಗೋಡೆಪತ್ರಿಕೆಗೆ ಮತ್ವೇಯ್ ಒಂದು ಚಿತ್ರ ಬರೆದ. ಕಾಸಿನ ಚೀಲ ಬಿಚ್ಚಿಕೊಂಡು ತಲೆ ಕೆರೆಯುತ್ತಿರುವ ಕಂಡಕ್ಟರಮ್ಮ, ದೂರದಲ್ಲಿ ಟ್ರಾಮಿನಿಂದ ಹಾರುತ್ತಿರುವ ಎರಡು ಉದ್ದ ಕಿವಿ. ಕೆಳಗೆ ಅವನದೇ ದುಂಡು ಅಕ್ಷರ: 'ಚೀಲದಲ್ಲಿ ಕಾಸು ಕಡಿಮೆ ಬಿದ್ದರೆ ಎರಡೇ ದಾರಿ. ಮೊಲ ಹತ್ತಿತ್ತು ಎನ್ನಿ, ಇಲ್ಲವೇ ಕೂಡುವ ನಿಯಮವೇ ಸುಳ್ಳು ಎನ್ನಿ.' ಅದರ ಕೆಳಗೆ ಇನ್ನೊಂದು ಸಾಲು: 'ತುಮಾನೊವ್‌ನ ಬಾಲ ನೋಡಿದ ಮೇಲೆ ನನ್ನ ಓಟು ಎರಡನೆಯದಕ್ಕೆ.' ಜನ ಬಿದ್ದು ಬಿದ್ದು ನಕ್ಕಿದ್ದರು. ವದೀಮ್ ಹೆಮ್ಮೆಯಿಂದ ಲೀದಾಳನ್ನು ಕರೆತಂದು ತೋರಿಸಿದ್ದ, ನೋಡು, ನನ್ನ ಹೆಸರಿದೆ ಎಂದು.

ತುಮಾನೊವ್‌ನ ಬಾಲ ಎಂದರೆ ಇಷ್ಟು. ಇದಕ್ಕಿಂತ ಹೆಚ್ಚಿನ ಶಕ್ತಿಯ ಎಲೆಕ್ಟ್ರಾನು ಬರಲಾರದು ಎಂಬ ಗೆರೆಯಾಚೆಗೂ ವದೀಮ್‌ನ ಕೊಳವೆ ಟಿಕ್ ಎನ್ನುತ್ತಿತ್ತು. ಚೀಲದಲ್ಲಿ ಕಾಸು ಕಡಿಮೆ ಬೀಳುವುದನ್ನು ಕಳ್ಳನ ತಲೆಗೆ ಕಟ್ಟಬಹುದು, ಹೆಚ್ಚು ಬಿದ್ದರೆ? ಹಾಗಾದರೆ ನಿಯಮವೇ ಹೋಯಿತು. ಮತ್ವೇಯ್ ಆ ಬಾಲವನ್ನು ನಂಬಿ ಎರಡು ಉಪನ್ಯಾಸ ಕೊಟ್ಟ, ಕರಿಹಲಗೆಯ ಮೇಲೆ 'ಶಕ್ತಿ ಉಳಿಯುವುದಿಲ್ಲ' ಎಂದು ಬರೆದು ಸೀಮೆಸುಣ್ಣದ ಕೈ ಕೊಡವಿದ. ಮರುವರ್ಷ ವದೀಮ್‌ಗೆ ಗೊತ್ತಾಯಿತು. ಸೀಳಿನ ಹಿತ್ತಾಳೆಯ ಅಂಚಿಗೆ ಬಡಿದ ಎಲೆಕ್ಟ್ರಾನುಗಳು ದಾರಿ ತಪ್ಪಿ ಪುಟಿದು ಕೊಳವೆಗೆ ಬೀಳುತ್ತಿದ್ದವು. ಅಂಚು ಬದಲಿಸಿದ, ಬಾಲ ಮಾಯವಾಯಿತು. ನಾಚಿಕೆಯಿಂದ ಹೋಗಿ ಹೇಳಿದಾಗ ಮತ್ವೇಯ್ ಅವನ ಎರಡೂ ಕಿವಿ ಹಿಡಿದು ಹಣೆಗೆ ಮುತ್ತಿಟ್ಟ. 'ಹಾಗಾದ್ರೆ ಮೊಲ ಇದೆ ಕಣೋ! ರಾಯಿಸಾ, ಕೇಳಿದ್ಯಾ, ಮೊಲ ಇದೆಯಂತೆ' ಎಂದು ಅಡುಗೆಮನೆಯತ್ತ ಕೂಗಿದ. ತಾನು ಸೋತೆ ಎಂದು ಅಷ್ಟು ಸಂತೋಷಪಟ್ಟ ಇನ್ನೊಬ್ಬನನ್ನು ವದೀಮ್ ಜೀವಮಾನದಲ್ಲಿ ಕಂಡಿರಲಿಲ್ಲ.

ಪಕ್ಷ ನಂಬುವ ಗಡ್ಡದ ಹಿರಿಯರ ಪುಸ್ತಕದಲ್ಲಿ ಶಕ್ತಿ ನಾಶವಾಗುವುದಿಲ್ಲ ಎಂಬುದು ಜಗತ್ತಿನ ಮೂಲನಿಯಮ. ಅದನ್ನು ಅಲ್ಲಗಳೆದವನು ಬರೀ ತಪ್ಪು ಲೆಕ್ಕ ಮಾಡಿದವನಲ್ಲ. ಮೂರು ವರ್ಷದ ಹಿಂದೆ ಇದು ತಮಾಷೆ, ಈಗ ಇದು ಏನೆಂದು ಹೇಳಲು ವದೀಮ್ ಮನಸ್ಸಿನೊಳಗೂ ಬಾಯಿ ಬಿಡುತ್ತಿರಲಿಲ್ಲ. ಅವನು ಎಣಿಕೆಯ ಕೊಳವೆಗೆ ಕಿವಿಗೊಟ್ಟ. ಗೆರೆಯಾಚೆ ಟಿಕ್ಕಿಲ್ಲ. ನಿಯಮ ಸರಿಯಾಗಿದೆ. ಇದು ನಿಜ, ಮತ್ವೇಯ್ ಒಪ್ಪಿದ ನಿಜ, ತಾನೇ ಕೈಯಾರೆ ಅಳೆದ ನಿಜ. ಆದರೂ ತನಗೆ ಇದರಲ್ಲಿ ನಂಬಿಕೆ ಬಂದದ್ದು ಅಳತೆಯಿಂದಲೋ ಹೆದರಿಕೆಯಿಂದಲೋ ಎಂದು ಯಾರಾದರೂ ಕೇಳಿದರೆ? ನಾಳೆ ಬೆಳಿಗ್ಗೆ ಗೆರೆಯಾಚೆ ಒಂದು ಟಿಕ್ ಕೇಳಿದರೆ ತಾನು ಅದನ್ನು ಬರೆದುಕೊಳ್ಳುತ್ತೇನೆಯೇ? ಇಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಆ ಗೊತ್ತಾದದ್ದರ ಅವಮಾನಕ್ಕೆ ಕಿವಿ ಬಿಸಿಯಾಯಿತು. ಅವನು ಎದ್ದು ಬಾಗಿಲು ತೆರೆದಿಟ್ಟ, ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಕೂತಿದ್ದ ಎನ್ನಬಾರದಲ್ಲ.

ಸಂಸ್ಥೆಯ ಊಟದ ಮನೆಯಲ್ಲಿ ಗಂಜಿಯನ್ನು ಚಮಚದಿಂದ ಕಲಕುತ್ತ ಕೂತ. ಮನಸ್ಸಿನಲ್ಲಿ ವಾಕ್ಯವನ್ನು ಕಟ್ಟಿ ಬಿಚ್ಚಿ ಕಟ್ಟಿದ. 'ಗುರ್ಲ್ಯಾಂದ್ ತಪ್ಪಿದ್ದು ನನ್ನ ಅಳತೆಯನ್ನು ನಂಬಿ; ತಿದ್ದಿದಾಗ ಮೊದಲು ಒಪ್ಪಿದ್ದೂ ಅವನೇ.' 'ಅವನೇ' ಎನ್ನುವುದೋ 'ಅವರೇ' ಎನ್ನುವುದೋ? ಅವರೇ ಎಂದರೆ ಮರ್ಯಾದೆ ಹೆಚ್ಚಾಯಿತು, ಅವನೇ ಎಂದರೆ ಸಲಿಗೆ ಹೆಚ್ಚಾಯಿತು. 'ಒಪ್ಪಿದ್ದು ಕೂಡ' ಎಂದು ಬಿಟ್ಟುಬಿಡಬಹುದು. 'ನನ್ನ ಅಳತೆ' ಎಂಬಲ್ಲಿ 'ಆಗಿನ ಅಳತೆ' ಎನ್ನಬಹುದೇ? ಯಾರ ಅಳತೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಲೀದಾ ಬೆಳಿಗ್ಗೆ ಅವನ ಕೋಟಿನ ಗುಂಡಿ ಹಾಕುತ್ತ, 'ನೀವು ಮಾತಾಡೋಕೆ ಹೋಗಬೇಡಿ. ಕೇಳಿದ್ರೆ ಮಾತ್ರ, ಕೇಳಿದಷ್ಟು' ಎಂದಿದ್ದಳು. ಇಬ್ಬರು ಹೆಂಗಸರ ಎರಡು ಮಾತು, ಎರಡೂ ಚಿಕ್ಕವು. ಅವನ ಮೇಜಿನ ಉಳಿದ ಮೂರು ಕುರ್ಚಿಗಳು ಖಾಲಿಯಾಗಿಯೇ ಇದ್ದವು. ಜನ ತಟ್ಟೆ ಹಿಡಿದು ಅತ್ತಿತ್ತ ನೋಡಿ ಗೋಡೆಗೆ ಒರಗಿ ನಿಂತು ಉಂಡರು. ಅವನು ಹೊಟ್ಟೆ ತುಂಬಿದವನಂತೆ ಎದ್ದುಬಿಟ್ಟ.

ಗ್ರಂಥಾಲಯದಲ್ಲಿ ಮೂರು ಗಂಟೆಗೆ ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ಅಧ್ಯಕ್ಷತೆ ಪಕ್ಷದ ಕಾರ್ಯದರ್ಶಿ ಕ್ರಾಪಿವಿನ್‌ನದು. ಹಿಂದಿನ ಕಾರ್ಯದರ್ಶಿ ಬೇಸಿಗೆಯಲ್ಲಿ ಒಂದು ದಿನ ಕೆಲಸಕ್ಕೆ ಬರಲಿಲ್ಲ, ಮತ್ತೆ ಬರಲೇ ಇಲ್ಲ, ಆ ಕುರ್ಚಿಗೆ ಇವನು ಬಂದ. ಕೆಟ್ಟ ಮನುಷ್ಯನಲ್ಲ. ಅವನಿಗೆ ನೆಗಡಿಯಾಗಿತ್ತು, ಎರಡು ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದ. ಆ ಕರವಸ್ತ್ರದ ಮೇಲಿಂದ ಅವನ ಕಣ್ಣು ಪದೇ ಪದೇ ಬಾಗಿಲತ್ತ ಹೋಗುತ್ತಿದ್ದುದನ್ನು ಮುಂದಿನ ಸಾಲಿನಲ್ಲಿದ್ದ ವದೀಮ್ ಕಂಡ. ಹೆದರಿದವನನ್ನು ಕಂಡರೆ ಧೈರ್ಯ ಬರಬೇಕು. ವದೀಮ್‌ಗೆ ಇನ್ನಷ್ಟು ಹೆದರಿಕೆಯಾಯಿತು. ಹೆದರಿದವನು ಏನು ಬೇಕಾದರೂ ಮಾಡಬಲ್ಲ ಎಂದು ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಗೋಡೆಪತ್ರಿಕೆಯನ್ನು ತಂದರು. ಮೂರು ವರ್ಷ ಸುರುಳಿಯಾಗಿದ್ದ ದಪ್ಪ ಕಾಗದ. ಅಫನಾಸಿ ನಿಕೋಲಯೆವಿಚ್ ಮೇಲಿನ ಎರಡು ಮೂಲೆ ಹಿಡಿದು ಎತ್ತಿ ತೋರಿಸಿದರು. ಕಂಡಕ್ಟರಮ್ಮ ಕಂಡಳು, ಚೀಲ ಕಂಡಿತು, ಹಾರುವ ಕಿವಿಗಳು ಕಂಡವು, ದುಂಡು ಅಕ್ಷರದ ಮೊದಲ ಸಾಲು ಕಂಡಿತು. ಅಷ್ಟರಲ್ಲಿ ಕಾಗದದ ಕೆಳ ಅಂಚು ಹಳೆಯ ಅಭ್ಯಾಸದಂತೆ ತಾನಾಗಿ ಮೇಲಕ್ಕೆ ಸುರುಳಿಯಾಯಿತು. ಕೊನೆಯ ಸಾಲು, ತುಮಾನೊವ್‌ನ ಹೆಸರಿದ್ದ ಸಾಲು, ಆ ಸುರುಳಿಯೊಳಗೆ ಹೋಯಿತು. ಯಾರಾದರೂ ಒಬ್ಬರು ಕೈ ಚಾಚಿ ಅಂಚನ್ನು ಕೆಳಗೆಳೆದರೆ ಸಾಕು. ವದೀಮ್ ಆ ಸುರುಳಿಯನ್ನು ಬಿಟ್ಟು ಬೇರೇನನ್ನೂ ನೋಡಲಾರದೆ ಹೋದ. ಮುದುಕರು ಅದನ್ನು ಎಳೆಯಲಿಲ್ಲ. ಅವರ ಕಣ್ಣು ಒಮ್ಮೆ ಅವನತ್ತ ಬಂದು, ಕಾಗದದತ್ತ ಹೋಗಿ, ಚಾವಣಿಗೆ ಏರಿತು.

ಕ್ರಾಪಿವಿನ್ ಒಂದೆರಡು ಮಾತು ಪೀಠಿಕೆ ಹಾಕಿ, ಕಾಮ್ರೇಡ್ ತುಮಾನೊವ್ ಏಳಲಿ ಎಂದ. ವದೀಮ್ ಎದ್ದ. ಮೂಲೆಯಲ್ಲಿ ಬರೆದುಕೊಳ್ಳಲು ಕೂತಿದ್ದ ಹುಡುಗಿ ಪೆನ್ಸಿಲಿನ ತುದಿ ನೋಡಿಕೊಂಡಳು.

'ಮೊದಲು ಇದನ್ನ ಹೇಳಿ' ಎಂದ ಕ್ರಾಪಿವಿನ್. 'ಈ ಮೊಲ ಅಂದ್ರೆ ಯಾರು?'

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ನಗುವನ್ನು ಅರ್ಧಕ್ಕೇ ಕೆಮ್ಮಾಗಿಸಿದರು. ವದೀಮ್‌ಗೆ ನಗು ಬರಲಿಲ್ಲ. ಗುರುತು ಉಳಿಸದೆ ಹೊತ್ತೊಯ್ಯುವವನು, ಗೋಡೆ ದಾಟುವವನು, ಯಾರ ಕೈಗೂ ಸಿಗದವನು ಎಂದು ಮೂರು ವರ್ಷದಿಂದ ಈ ಕಟ್ಟಡದ ತುಂಬ ಅದನ್ನೇ ಮಾತಾಡಿಕೊಂಡಿದ್ದಾರೆ. ಹೊರಗಿನಿಂದ ಕೇಳಿದವನಿಗೆ ಅದು ಗೂಢಚಾರನಲ್ಲದೆ ಬೇರೆ ಏನಾಗಿ ಕೇಳಿಸಬೇಕು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರ ಕಾಲದಲ್ಲಿ, ಯಾರೂ ಹಿಡಿಯದ ಮೊಲಕ್ಕೆ ಎಷ್ಟು ಕಾಲು ಎನ್ನುವುದು?

'ಯಾರೂ ಅಲ್ಲ' ಎಂದ. 'ಅದೊಂದು ಕಣ.'

'ನೀವು ನೋಡಿದ್ದೀರಾ?'

'ಇಲ್ಲ. ಯಾರೂ ನೋಡಿಲ್ಲ.'

'ಯಾರೂ ನೋಡದೇ ಇರೋದು ಇದೆ ಅಂತ ಹೇಗೆ ಹೇಳ್ತೀರಿ?'

'ಇಲ್ಲ ಅಂದ್ರೆ ಲೆಕ್ಕ ಕೂಡೋದಿಲ್ಲ' ಎಂದ ವದೀಮ್. ಪಾಠ ಹೇಳುವ ದನಿ ಬಂದಿತ್ತು, ಅದು ತನ್ನದೇ ದನಿಯಾದ್ದರಿಂದ ಸ್ವಲ್ಪ ಸಮಾಧಾನವಾಯಿತು. 'ಶಕ್ತಿ ಎಲ್ಲೂ ಹಾಳಾಗಲ್ಲ. ಎಲೆಕ್ಟ್ರಾನು ತರದೇ ಇದ್ದದ್ದನ್ನ ಈ ಕಣ ತಗೊಂಡು ಹೋಗುತ್ತೆ. ನಮಗೆ ಕಾಣಲ್ಲ, ಅಷ್ಟೇ.'

ಕ್ರಾಪಿವಿನ್‌ನ ಮುಖ ಬಿಚ್ಚಿಕೊಂಡಿತು. ಅವನಿಗೂ ಒಂದು ದಾರಿ ಬೇಕಾಗಿತ್ತು, ಸಿಕ್ಕಿತು. 'ಅಂದ್ರೆ ನಿಯಮ ಸರಿಯಾಗೇ ಇದೆ.'

'ಸರಿಯಾಗಿದೆ.'

'ನಿಮ್ಮ ಅಳತೆಯೂ ಅದನ್ನೇ ಹೇಳುತ್ತೆ.'

'ಅದನ್ನೇ ಹೇಳುತ್ತೆ.'

'ಹಾಗಾದ್ರೆ ಸುಳ್ಳು ಅಂದವರು ಯಾರು?'

ಇದೇ ಜಾಗ. ವಾಕ್ಯ ಇಡಿಯಾಗಿ ನಾಲಿಗೆಯ ಮೇಲಿತ್ತು, ಬೆಳಗಿನಿಂದ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಅವನು ಅದನ್ನು ಮೊದಲಿನಿಂದ ಶುರು ಮಾಡಿದ.

'ಗುರ್ಲ್ಯಾಂದ್' ಎಂದ. ಉಸಿರೆಳೆದುಕೊಳ್ಳಲು ನಿಂತ.

'ಬರ್ಕೊಳ್ಳಿ' ಎಂದ ಕ್ರಾಪಿವಿನ್ ಹುಡುಗಿಗೆ. ಪೆನ್ಸಿಲು ಆಡಿತು. ಚಿಕ್ಕ ಹೆಸರು, ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬರೆದು ಮುಗಿಸಿ ಅವಳು ತಲೆಯೆತ್ತಿದಳು. ಕ್ರಾಪಿವಿನ್ ಕರವಸ್ತ್ರ ಮಡಚುತ್ತ ಅವನನ್ನೇ ನೋಡಿದ, ಇನ್ನೇನಾದರೂ ಇದೆಯೇ ಎಂಬಂತೆ. ಯಾರೂ ಅವನ ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ. ವಾಕ್ಯದ ಉಳಿದ ಭಾಗ, 'ತಪ್ಪಿದ್ದು' ಎಂಬ ಮಾತಿನಿಂದ ಮುಂದೆ, ಹಾಗೆಯೇ ನಾಲಿಗೆಯ ಮೇಲಿತ್ತು. ವದೀಮ್ ಕಾಗದದ ಸುರುಳಿಯನ್ನು ನೋಡಿದ. 'ನನ್ನ ಅಳತೆ' ಎಂದ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಒಂದು ಕ್ಷಣ, ಇನ್ನೊಂದು ಕ್ಷಣ. ಆಮೇಲೆ ಅವನು ಕೂತ. ಕೂರು ಎಂದು ಯಾರೂ ಹೇಳಿರಲಿಲ್ಲ.

ಸಭೆ ಬೇರೆ ವಿಷಯಕ್ಕೆ ಹೋಯಿತು. ಕಲ್ಲಿದ್ದಲು ಸಾಲದೆ ಕೋಣೆಗಳು ಬೆಚ್ಚಗಾಗುತ್ತಿಲ್ಲ ಎಂದು ಯಾರೋ ದೂರಿದರು, ಕ್ರಾಪಿವಿನ್ ಹೌದು ನನಗೂ ನೆಗಡಿ ಎಂದ, ಎಲ್ಲರೂ ಧಾರಾಳವಾಗಿ ನಕ್ಕರು. ವದೀಮ್ ಕೂಡ ನಕ್ಕ. ಹೊರಬರುವಾಗ ಅಫನಾಸಿ ನಿಕೋಲಯೆವಿಚ್ ಅವನ ಕೈ ಹಿಡಿದು ಕುಲುಕಿದರು, ಒದ್ದೆ ಕೈಗೆ ಒದ್ದೆ ಕೈ. 'ಹೋಗಿ ಏನಾದ್ರೂ ತಿನ್ನು, ಮುಖ ಬಿಳಿಚ್ಕೊಂಡಿದೆ' ಎಂದರು. ಊಟದ ಮನೆಯಲ್ಲಿ ಎಲೆಕೋಸು ತುಂಬಿದ ಕಡುಬು ಬಿಸಿಯಾಗಿತ್ತು. ಒಂದು ತಿಂದ, ಇನ್ನೊಂದು ತಿಂದ. ಬೆಳಗಿನಿಂದ ಎಲ್ಲಿ ಅಡಗಿತ್ತೋ ಆ ಹಸಿವು, ನಾಚಿಕೆಯಿಲ್ಲದೆ ಬಂದು ಕೂತಿತ್ತು. ಬೆರಳಿಗೆ ಅಂಟಿದ ಎಣ್ಣೆಯನ್ನೂ ನೆಕ್ಕಿದ. ಎದುರಿನ ಕುರ್ಚಿಯಲ್ಲಿ ಯಾರೋ ಬಂದು ಕೂತು ಉಪ್ಪು ಕೇಳಿದರು, ಅವನು ಕೊಟ್ಟ. ತಾನು ಆಡಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂದು ಲೆಕ್ಕ ಹಾಕಿದ. ಕಣ ಇದೆ, ನಿಜ. ಯಾರೂ ನೋಡಿಲ್ಲ, ನಿಜ. ನಿಯಮ ಸರಿ, ನಿಜ. ಗುರ್ಲ್ಯಾಂದ್, ಅದೂ ನಿಜವೇ. ಎಲ್ಲ ನಿಜಗಳನ್ನು ಕೂಡಿದರೂ ಮೊತ್ತದಲ್ಲಿ ಏನೋ ಕಡಿಮೆ ಬೀಳುತ್ತಿತ್ತು.

ಹಸಿಮಂಜು ಬೀಳುತ್ತಿತ್ತು. ಟ್ರಾಮಿನ ನಿಲ್ದಾಣದ ಮುಂದಿನ ತುದಿಯಲ್ಲಿ ರಾಯಿಸಾಳನ್ನು ಅವನು ದೂರದಿಂದಲೇ ಗುರುತಿಸಿದ. ಬೂದು ಶಾಲು, ಭುಜದ ಮೇಲೆ ಮಗುವಿನ ತಲೆ. ಅವಳು ಅವನತ್ತ ನೋಡಲಿಲ್ಲ. ನಡೆದೇ ಹೋಗಿಬಿಡೋಣವೇ ಎಂದುಕೊಂಡ. ಆದರೆ ಸಂಸ್ಥೆಯ ಇಬ್ಬರು ಹಿಂದೆಯೇ ಬರುತ್ತಿದ್ದರು, ದಿನವೂ ಟ್ರಾಮು ಹತ್ತುವವನು ಇಂದೇಕೆ ನಡೆದ ಎಂದಾರು. ಟ್ರಾಮು ಬಂತು. ಮುಂದಿನ ಬಾಗಿಲಲ್ಲಿ ಯಾರೋ ಮಗುವಿಗೆ ದಾರಿ ಬಿಡಿ ಎಂದರು, ಶಾಲು ಒಳಗೆ ಹೋಯಿತು. ವದೀಮ್ ಹಿಂದಿನ ಬಾಗಿಲಲ್ಲಿ ಹತ್ತಿ, ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಎತ್ತರದ ಒಬ್ಬ ಸೈನಿಕನ ಬೆನ್ನ ಹಿಂದೆ ನಿಂತ. ಕಾಸು ತೆಗೆಯಲಿಲ್ಲ. ಕಾಸು ಮುಂದಕ್ಕೆ ಕೊಟ್ಟರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ದನಿ ಕೇಳುತ್ತದೆ. ಅವಳ ಪಕ್ಕ ನಿಂತು ಒಂದು ಕ್ಷಣ ಬಿಟ್ಟು ಇಳಿದುಬಿಟ್ಟರೆ ಏನಾದೀತು? ಹೇಳಿದೆ ಎಂದಾದೀತು. ಅವಳು ಇಂದು ಒಂದು ರಾತ್ರಿ ನಿದ್ದೆ ಮಾಡಿಯಾಳು. ಅರ್ಧ ಹೇಳಿದ್ದೂ ಹೇಳಿದಂತೆಯೇ ಅಲ್ಲವೇ? ಶುರು ಮಾಡಿದ್ದೆ, ರಾಯಿಸಾ, ಆಣೆಗೂ ಶುರು ಮಾಡಿದ್ದೆ. ತನ್ನೊಳಗಿನ ಈ ದನಿಗೆ ಅವನಿಗೇ ಅಸಹ್ಯವಾಯಿತು.

ತಿರುವಿನಲ್ಲಿ ಟ್ರಾಮು ವಾಲಿದಾಗ ಸೈನಿಕನ ಬೆನ್ನು ಪಕ್ಕಕ್ಕೆ ಸರಿಯಿತು. ಇಡೀ ಟ್ರಾಮಿನ ಉದ್ದಕ್ಕೂ, ಟೋಪಿ ಶಾಲುಗಳ ಮೇಲಿಂದ, ತಾಯಿಯ ಭುಜಕ್ಕೆ ಗಲ್ಲವೂರಿದ ಮಗು ಹಿಂದಕ್ಕೆ ಮುಖ ಮಾಡಿ ಅವನನ್ನೇ ನೋಡುತ್ತಿತ್ತು. ಗುರುತು ಹಿಡಿಯಿತು. ಕೆಂಪು ಕೈಗವಸಿನ ಪುಟ್ಟ ಕೈಯನ್ನು ಎತ್ತಿ ಆಡಿಸಿತು. ಅವನು ಮುಖವನ್ನು ಕಾಲರಿನೊಳಗೆ ಹುದುಗಿಸಿಕೊಂಡ. ತಾಯಿ ತಿರುಗಲಿಲ್ಲ, ಮಗುವಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು ಅಷ್ಟೇ.

ಸ್ವಲ್ಪ ಹೊತ್ತಿಗೆ ಸೈನಿಕ ತಿರುಗಿದ. ಅವನ ಬೆರಳ ನಡುವೆ ಒಂದು ಟಿಕೆಟ್ಟಿತ್ತು.

'ತಗೊಳ್ಳಿ, ನಿಮಗಂತೆ.'

'ನನಗಲ್ಲ. ನಾನು ಕಾಸು ಕೊಟ್ಟಿಲ್ಲ.'

'ಮೂಲೇಲಿ ನಿಂತಿರೋ ಬೂದು ಟೋಪಿಯವರಿಗೆ ಅಂತ ಮುಂದಿನಿಂದ ಬಂತು. ಬೂದು ಟೋಪಿ ನಿಮ್ಮದೇ ಅಲ್ವಾ?' ಎಂದ ಸೈನಿಕ, ಅವನ ಅಂಗೈ ಬಿಡಿಸಿ ಟಿಕೆಟ್ಟನ್ನು ಇಟ್ಟ. 'ಯಾರೋ ಪುಣ್ಯಾತ್ಮರು ಕೊಟ್ಟಿದ್ದಾರೆ, ಇಟ್ಕೊಳ್ಳಿ.'

ಎಷ್ಟು ಕೈ ದಾಟಿ ಬಂದಿತ್ತೋ, ಟಿಕೆಟ್ಟು ಸ್ವಲ್ಪ ಬೆಚ್ಚಗಿತ್ತು. ಕಿಟಕಿಯ ಗಾಜಿನಲ್ಲೋ ಏನೋ, ಅವಳು ಅವನನ್ನು ಕಂಡಿದ್ದಳು. ಅವನು ಕಾಸು ಮುಂದಕ್ಕೆ ಕೊಡದೇ ಇದ್ದದ್ದನ್ನೂ ಕಂಡಿದ್ದಳು. ಹೇಳಿದನೋ ಇಲ್ಲವೋ ಎಂದು ತಿಳಿಯುವ ಮೊದಲೇ ಅವನ ಬಾಬ್ತನ್ನು ಕಟ್ಟಿಬಿಟ್ಟಿದ್ದಳು, ಹತ್ತು ವರ್ಷ ಅವನ ತಟ್ಟೆಗೆ ಸಾರು ಬಡಿಸಿದ ಹಾಗೆ. ಅವನ ನಿಲ್ದಾಣ ಹತ್ತಿರವಾಗುತ್ತಿತ್ತು. ಇಳಿಯುವವರು ಮುಂದೆ ಹೋಗಿ ಎಂದು ಕಂಡಕ್ಟರಮ್ಮ ಕೂಗಿದಳು. ಜನ ಮುಂದಕ್ಕೆ ಒತ್ತಿದರು, ಅವರೊಂದಿಗೆ ಅವನ ಕಾಲೂ ಎರಡು ಹೆಜ್ಜೆ ಮುಂದೆ ಹೋಯಿತು. ಶಾಲು ಹತ್ತಿರವಾಯಿತು. ಅವಳು ಕಂಬಿಯ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು ನಿಂತಿದ್ದಳು, ಅಷ್ಟು ಒತ್ತಿನಲ್ಲಿ ಆ ಜಾಗವನ್ನು ಮೊಣಕೈಯಿಂದ ಹೇಗೆ ಕಾದಿಟ್ಟಿದ್ದಳೋ. ಆ ಖಾಲಿ ಜಾಗವನ್ನು ವದೀಮ್ ಕಂಡ. ಅವನು ತಿರುಗಿದ. ಬರುವವರ ಎದೆಗಳನ್ನು ತಳ್ಳಿಕೊಂಡು, ಬೈಗುಳ ತಿಂದುಕೊಂಡು, ಹಿಂದಿನ ಬಾಗಿಲಿಗೆ ಬಂದು, ಇನ್ನೂ ನಿಲ್ಲದ ಟ್ರಾಮಿನಿಂದ ಹಾರಿದ.

ಮಂಡಿಯೂರಿ ಬಿದ್ದ. ಕೆಸರುಮಂಜು ಕೈಗೆ ಮೆತ್ತಿತು.

'ಮೊಲ! ಹಿಡ್ಕೊಳ್ರೋ, ಮೊಲ!' ಎಂದು ಕಂಡಕ್ಟರಮ್ಮ ಕೂಗಿದ್ದು ಕೇಳಿಸಿತು, ಟ್ರಾಮಿನ ತುಂಬ ನಗು. ಅದರ ಮೇಲೆ ಸೈನಿಕನ ದಪ್ಪ ದನಿ, ನ್ಯಾಯ ಹೇಳುವವನ ಹಾಗೆ:

'ಬಿಡಮ್ಮ, ಮೊಲ ಅಲ್ಲ ಆತ. ಟಿಕೆಟ್ಟಿದೆ ಅವನ ಹತ್ರ. ನಾನೇ ಕೊಟ್ಟಿದ್ದೀನಿ.'